ಕಾರಿಲ್ಲದೆ, ಒಬ್ಬಳೇ: ಸ್ಕಾಟ್ಲೆಂಡಿನ ಬೆಟ್ಟ, ದ್ವೀಪಗಳಲ್ಲಿ 16 ದಿನ

ಕುಕ್ಕರಹಳ್ಳಿ ದಂಡೆ
ಎಲ್ಲರಿಗೂ ನಮಸ್ಕಾರ. ಹೋಗುವ ಮುಂಚೆ ಇಲ್ಲಿ ನೂರು ಪ್ರಶ್ನೆ ಕೇಳಿ ನಿಮ್ಮೆಲ್ಲರ ತಲೆ ತಿಂದಿದ್ದೆ, ಬಂದ ಮೇಲೆ ಬರೆಯದಿದ್ದರೆ ಸಾಲ ಉಳಿಸಿಕೊಂಡ ಹಾಗೆ ಅನ್ನಿಸುತ್ತಿತ್ತು.

ನನಗೆ 49. ಮೈಸೂರು ಸರಸ್ವತಿಪುರಂ. ಕಾರು ಓಡಿಸಲು ಬರುವುದಿಲ್ಲ. ಮನೆಯವರಿಗೆ ರಜೆ ಸಿಗಲಿಲ್ಲ, ಗೆಳತಿಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೊನೆಗೆ ಜೂನ್ ಕಡೇ ವಾರ ಒಬ್ಬಳೇ ಹೊರಟೆ. ಅಪ್ಪ ಮೂವತ್ತು ವರ್ಷ ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಜಾಸ್ತಿ ಮಡಿಕೇರಿ ಮಾರ್ಗದಲ್ಲಿ. ಉಳಿದವರೆಲ್ಲ ಹೆದರಿಸಿದಾಗ ಅವರು ಕೇಳಿದ್ದು ಒಂದೇ ಮಾತು, 'ಅಲ್ಲಿ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದಾ?' ಬರುತ್ತದೆ ಅಂದೆ. 'ಹಾಗಾದ್ರೆ ಹೋಗಿ ಬಾ' ಅಂದರು.

ಹೋದ ದಾರಿ ಹೀಗೆ. ಲಂಡನ್ನಿನಿಂದ ರೈಲಿನಲ್ಲಿ ಗ್ಲಾಸ್ಗೋ. ಅಲ್ಲಿ ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ವೆಸ್ಟ್ ಹೈಲ್ಯಾಂಡ್ ಮಾರ್ಗದ ರೈಲು ಹಿಡಿದರೆ ಐದು ಗಂಟೆಗೆ ಸ್ವಲ್ಪ ಮೇಲೆ, ಸಮುದ್ರದ ಅಂಚಿನ ಮ್ಯಾಲೇಗ್ ಅನ್ನುವ ಊರು. ಅಲ್ಲಿ ರೈಲು ಹಳಿ ಮುಗಿಯುತ್ತದೆ, ಇಳಿದು ನಡೆದರೆ ಫೆರಿ ಕಟ್ಟೆ. ಮುಕ್ಕಾಲು ಗಂಟೆಯೊಳಗೆ ಸ್ಕೈ ದ್ವೀಪದ ಆರ್ಮಡೇಲ್. ಅಲ್ಲಿಂದ ಬಸ್ಸಿನಲ್ಲಿ ಪೋರ್ಟ್ರೀ. ಅಲ್ಲಿ ನಾಲ್ಕು ರಾತ್ರಿ ಇದ್ದು ಸ್ಕೈನ ಉತ್ತರ ತುದಿಯ ಊಯಿಗ್‌ನಿಂದ ಇನ್ನೊಂದು ಫೆರಿ, ಹ್ಯಾರಿಸ್‌ನ ಟಾರ್ಬರ್ಟ್‌ಗೆ. ಮತ್ತೆ ಬಸ್ಸು, ಲೂಯಿಸ್‌ನ ಸ್ಟಾರ್ನೋವೇಗೆ. ಹ್ಯಾರಿಸ್, ಲೂಯಿಸ್ ಎರಡು ದ್ವೀಪ ಅಂದುಕೊಂಡಿದ್ದೆ. ನೆಲ ಒಂದೇ, ಹೆಸರು ಎರಡು. ವಾಪಸ್ ಬರುವಾಗ ಸ್ಟಾರ್ನೋವೇಯಿಂದ ಅಲ್ಲಪೂಲ್‌ಗೆ ಫೆರಿ, ಅಲ್ಲಿ ಹಡಗಿಗೆ ಹೊಂದಿಸಿ ಬಿಡುವ ಬಸ್ಸಿನಲ್ಲಿ ಇನ್ವರ್ನೆಸ್, ಆಮೇಲೆ ರೈಲಿನಲ್ಲಿ ಎಡಿನ್‌ಬರೋ.

ಹದಿನಾರು ದಿನದಲ್ಲಿ ಒಂದು ಟ್ಯಾಕ್ಸಿಯನ್ನೂ ಹತ್ತಲಿಲ್ಲ. ಇದನ್ನು ಹೇಳಬೇಕು ಅಂತಲೇ ಬರೆಯುತ್ತಿದ್ದೇನೆ. ಕಾರಿಲ್ಲ, ಜೊತೆಗಾರರಿಲ್ಲ ಅಂತ ಸುಮ್ನೆ ಕೂತವರು ನಮ್ಮ ಮೈಸೂರು ಮಂಡ್ಯದಲ್ಲಿ ಎಷ್ಟೋ ಜನ ಇದ್ದಾರೆ, ಅವರು ಓದಲಿ. ಏನು ಬೇಕಾದರೂ ಕೇಳಿ.

ಮದ್ದೂರಿನವ
ಅಕ್ಕ, ಓದಿ ಬಹಳ ಖುಷಿಯಾಯಿತು. ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಟ್ಟು ಎಷ್ಟಾಯಿತು? ವೀಸಾ ಬೇರೆ ತೆಗೆಸಬೇಕಾ ಸ್ಕಾಟ್ಲೆಂಡಿಗೆ?

ಕುಕ್ಕರಹಳ್ಳಿ ದಂಡೆ
ಬೇಜಾರು ಯಾಕೆ. ಬೇರೆ ವೀಸಾ ಇಲ್ಲ. ಬ್ರಿಟನ್ನಿನ ಪ್ರವಾಸಿ ವೀಸಾ ಒಂದೇ ಸಾಕು, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿದ್ದೆ. ವಿಮಾನ, ವೀಸಾ, ಉಳಿಯುವುದು, ಊಟ ಎಲ್ಲಾ ಸೇರಿ ನನಗೆ ಎರಡೂವರೆ ಲಕ್ಷದ ಹತ್ತಿರ ಬಂತು. ಐದು ವರ್ಷ ಚೀಟಿ ಕಟ್ಟಿ ಕೂಡಿಟ್ಟ ಹಣ. ಎಲ್ಲಕ್ಕಿಂತ ಜಾಸ್ತಿ ಹೋಗಿದ್ದು ವಿಮಾನಕ್ಕೆ ಮತ್ತು ರಾತ್ರಿ ತಂಗುವುದಕ್ಕೆ. ಹಾಸ್ಟೆಲ್‌ಗಳಲ್ಲಿ ಹೆಂಗಸರ ಕೋಣೆಯಲ್ಲಿ ಒಂದು ಮಂಚ ತೆಗೆದುಕೊಳ್ಳುತ್ತಿದ್ದೆ. ಅಲ್ಲಿ ವಯಸ್ಸು ಯಾರೂ ಕೇಳುವುದಿಲ್ಲ. ನನ್ನ ಮೇಲಿನ ಮಂಚದಲ್ಲಿ ಎಪ್ಪತ್ತು ದಾಟಿದ ಒಬ್ಬರು ಮಲಗಿದ್ದರು, ದಿನವೂ ಬೆಟ್ಟ ಹತ್ತುತ್ತಿದ್ದರು.

ಫೆರಿ ವಿಷಯ ನೆನಪಿಡಿ. ಕಾರು ತರುವವರು ಬೇಸಿಗೆಯಲ್ಲಿ ವಾರಗಟ್ಟಲೆ ಮೊದಲೇ ಜಾಗ ಕಾದಿರಿಸಬೇಕು. ನಡೆದು ಹತ್ತುವವರಿಗೆ ಸಾಮಾನ್ಯವಾಗಿ ಜಾಗ ಇದ್ದೇ ಇರುತ್ತದೆ, ಟಿಕೆಟ್ಟೂ ಕಡಿಮೆ.

ಹಳೇ ಮೀಟರ್‌ಗೇಜ್
ಮೇಡಂ, ರೈಲಿನ ಬಗ್ಗೆ ಒಂದೇ ಸಾಲು ಬರೆದು ಮುಗಿಸಿಬಿಟ್ಟಿರಲ್ಲ! ನಾನು ಏಳು ವರ್ಷದ ಹಿಂದೆ ಮಗನ ಮನೆಗೆ ಹೋದಾಗ ಅದೇ ಮಾರ್ಗದಲ್ಲಿ ಎರಡು ಸಲ ಹೋಗಿದ್ದೇನೆ. ಹೊಸಬರಿಗಾಗಿ ಹೇಳುತ್ತೇನೆ. ಗ್ಲಾಸ್ಗೋದಿಂದ ಹೊರಟಾಗ ಎಡಗಡೆ ಕಿಟಕಿ ಹಿಡಿಯಿರಿ. ನಡುವೆ ಕ್ರಿಯನ್‌ಲಾರಿಚ್ ಅನ್ನುವಲ್ಲಿ ರೈಲು ಎರಡಾಗಿ ಒಡೆಯುತ್ತದೆ, ಅರ್ಧ ಓಬನ್‌ಗೆ, ಅರ್ಧ ಮ್ಯಾಲೇಗ್‌ಗೆ. ಸರಿಯಾದ ಡಬ್ಬಿಯಲ್ಲಿ ಕೂತಿದ್ದೀರಾ ಅಂತ ಹತ್ತುವಾಗಲೇ ನೋಡಿಕೊಳ್ಳಿ.

ಆಮೇಲೆ ರಾನಕ್ ಮೂರ್ ಬರುತ್ತದೆ. ಕಣ್ಣು ಹಾಯುವಷ್ಟು ದೂರ ಜೌಗು ನೆಲ, ಮರ ಇಲ್ಲ, ಮನೆ ಇಲ್ಲ. 1890ರ ದಶಕದಲ್ಲಿ ಹಳಿ ಹಾಕಲು ಹೋದಾಗ ಎಷ್ಟು ಮಣ್ಣು ಸುರಿದರೂ ನೆಲ ನುಂಗಿಬಿಡುತ್ತಿತ್ತು. ಕೊನೆಗೆ ಮರದ ಬೇರು, ಪೊದೆ ಕಡ್ಡಿ ಹಾಸಿಗೆಯ ಹಾಗೆ ಹಾಸಿ, ಅದರ ಮೇಲೆ ಮಣ್ಣು, ಬೂದಿ ಸುರಿದು, ಆ ತೇಲುವ ಹಾಸಿಗೆಯ ಮೇಲೆ ಹಳಿ ಕೂರಿಸಿದರು. ಇವತ್ತಿಗೂ ರೈಲು ಅದರ ಮೇಲೆಯೇ ಓಡುತ್ತದೆ. ಮುಂದೆ ಕೋರೂರ್ ಅನ್ನುವ ನಿಲ್ದಾಣ, 408 ಮೀಟರ್ ಎತ್ತರ. ಅಲ್ಲಿಗೆ ಸಾರ್ವಜನಿಕ ರಸ್ತೆಯೇ ಇಲ್ಲ, ರೈಲಿನಲ್ಲೇ ಬರಬೇಕು ಇಲ್ಲವೇ ನಡೆದು ಬರಬೇಕು.

ಗ್ಲೆನ್‌ಫಿನನ್ ಸೇತುವೆ ಎಲ್ಲರಿಗೂ ಹ್ಯಾರಿ ಪಾಟರ್ ಸಿನಿಮಾದಿಂದ ಗೊತ್ತು. 21 ಕಮಾನು, ಬಿಲ್ಲಿನ ಹಾಗೆ ಬಾಗಿದೆ. 1897ರಿಂದ 1901ರ ನಡುವೆ ಕಬ್ಬಿಣದ ಸರಳು ಹಾಕದೆ ಬರೀ ಕಾಂಕ್ರೀಟಿನಲ್ಲಿ ಕಟ್ಟಿದ್ದು. ಕಟ್ಟಿದ ಗುತ್ತಿಗೆದಾರ ರಾಬರ್ಟ್ ಮೆಕಾಲ್ಪೈನ್‌ಗೆ ಜನ 'ಕಾಂಕ್ರೀಟ್ ಬಾಬ್' ಅಂತಲೇ ಹೆಸರಿಟ್ಟರು. ನಮ್ಮ ಕನ್ನಂಬಾಡಿ ಕಟ್ಟೆಯನ್ನು ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು ನೆನಪಾಯಿತು. ಪ್ರವಾಸಿಗರ ಹೊಗೆಬಂಡಿಗೆ ದುಬಾರಿ ಟಿಕೆಟ್ ಸಿಗಲಿಲ್ಲ ಅಂತ ಕೊರಗಬೇಡಿ, ಮಾಮೂಲಿ ರೈಲೂ ಅದೇ ಸೇತುವೆಯ ಮೇಲೇ ಹೋಗುತ್ತದೆ. ಆದರೆ ದಿನಕ್ಕೆ ಮೂರು ನಾಲ್ಕೇ ರೈಲು.

ಕುಕ್ಕರಹಳ್ಳಿ ದಂಡೆ
ಸರ್, ನೀವು ಬರೆಯಲಿ ಅಂತಲೇ ಬಿಟ್ಟಿದ್ದೆ ಅಂದುಕೊಳ್ಳಿ. ಆ ಜೌಗಿನಲ್ಲಿ ಒಂದು ಜಿಂಕೆ ಹಿಂಡು ರೈಲನ್ನು ನೋಡಿಕೊಂಡು ನಿಂತಿತ್ತು. ಡಬ್ಬಿಯಲ್ಲಿ ಒಬ್ಬರೂ ಮಾತಾಡಲಿಲ್ಲ. ಸಕಲೇಶಪುರ ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ ದಾಟುವಾಗ ಮಕ್ಕಳು ಕೂಗುತ್ತಾರಲ್ಲ, ಅದಕ್ಕೆ ಪೂರ್ತಿ ಉಲ್ಟಾ. ಎರಡೂ ನನಗೆ ಇಷ್ಟ.

ಸ್ಟೇರಿಂಗ್ ವಿಜಯನಗರ
ನಾನು ಒಪ್ಪುವುದಿಲ್ಲ ಮೇಡಂ. ನಿಮ್ಮ ಧೈರ್ಯಕ್ಕೆ ಮೆಚ್ಚುಗೆ ಇದೆ, ಆದರೆ ಬೇರೆಯವರಿಗೆ ಇದನ್ನೇ ಮಾಡಿ ಅಂತ ಹೇಳುವುದು ಸರಿಯಲ್ಲ ಅನ್ನಿಸುತ್ತದೆ. ಅಷ್ಟು ದುಡ್ಡು ಕೊಟ್ಟು ಅಷ್ಟು ದೂರ ಹೋಗಿ ದಿನಕ್ಕೆ ಮೂರು ಗಂಟೆ ಬಸ್ ಸ್ಟಾಪಿನಲ್ಲಿ ನಿಲ್ಲುವುದಾ? ನಮ್ಮ ಲೈಸೆನ್ಸಿನಲ್ಲೇ ಅಲ್ಲಿ 12 ತಿಂಗಳವರೆಗೆ ಓಡಿಸಬಹುದು. ಅಲ್ಲೂ ಎಡಗಡೆಯೇ ಓಡಿಸುವುದು. ನಾವು ನಾಲ್ಕು ಜನ ಕಾರಿನಲ್ಲಿ ಸ್ಕೈ ಪೂರ್ತಿ ಎರಡು ದಿನದಲ್ಲಿ ನೋಡಿದೆವು. ನೀವು ನಾಲ್ಕು ದಿನ ಇದ್ದು ನೀಸ್ಟ್ ಪಾಯಿಂಟ್ ದೀಪಸ್ತಂಭ ನೋಡಿದಿರಾ?

ಕುಕ್ಕರಹಳ್ಳಿ ದಂಡೆ
ಇಲ್ಲ, ನೋಡಲಿಲ್ಲ. ದ್ವೀಪದ ಪಶ್ಚಿಮ ಮೂಲೆಗಳು ನನಗೆ ಸಿಗಲಿಲ್ಲ. ನಾಲ್ಕು ಜನ ಇದ್ದರೆ, ಒಬ್ಬರಿಗೆ ಚೆನ್ನಾಗಿ ಓಡಿಸಲು ಬಂದರೆ ಕಾರು ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ.

ಆದರೆ ನಾನು ಒಬ್ಬಳೇ. ಓಡಿಸಲೂ ಬಾರದು. ನನ್ನಂಥವರಿಗೆ ಇರುವುದು ಬಸ್ಸು ಅಥವಾ ಮನೆ, ಅಷ್ಟೇ. ಇನ್ನೊಂದು, ಅಲ್ಲಿನ ಸಣ್ಣ ರಸ್ತೆಗಳು ಒಂದು ವಾಹನ ಹೋಗುವಷ್ಟೇ ಅಗಲ. ಎದುರಿಗೆ ಗಾಡಿ ಬಂದರೆ ಅಲ್ಲಲ್ಲಿ ಮಾಡಿರುವ ಜಾಗದಲ್ಲಿ ನಿಂತು ದಾರಿ ಬಿಡಬೇಕು. ಓಡಿಸುವವರ ಕಣ್ಣು ರಸ್ತೆಯ ಮೇಲೆಯೇ ಇರುತ್ತದೆ. ನಾನು ಮುಂದಿನ ಸೀಟಿನಲ್ಲಿ ಕೂತು ಎಲ್ಲಾ ನೋಡಿದೆ. ಪೋರ್ಟ್ರೀಯಿಂದ ದ್ವೀಪದ ಉತ್ತರದ ಚಾಚು ಟ್ರಾಟರ್ನಿಶ್ ಸುತ್ತಿ ಬರುವ ಬಸ್ಸಿದೆ. ಅದರಲ್ಲಿ ಹೋಗಿ ಓಲ್ಡ್ ಮ್ಯಾನ್ ಆಫ್ ಸ್ಟಾರ್ ಅನ್ನುವ ಬಂಡೆಯ ಹತ್ತಿರ ಇಳಿದು ಹತ್ತಿದೆ. ಕಾರಿನವರು ಪಾರ್ಕಿಂಗಿಗೆ ಸಾಲು ನಿಂತಿದ್ದರು.

ಎತ್ತರದ ವಿಷಯ ಹೇಳಿಬಿಡುತ್ತೇನೆ, ಇದು ನನಗೆ ಬಹಳ ಆಶ್ಚರ್ಯ ಆಗಿತ್ತು. ಸ್ಕೈನ ಕೂಲಿನ್ ಬೆಟ್ಟಗಳ ತುತ್ತತುದಿ 992 ಮೀಟರ್. ಸಮುದ್ರಮಟ್ಟದಿಂದ ಲೆಕ್ಕ ಹಾಕಿದರೆ ನಮ್ಮ ಚಾಮುಂಡಿ ಬೆಟ್ಟವೇ ಅದಕ್ಕಿಂತ ಮೇಲಿದೆ! ಇಡೀ ಬ್ರಿಟನ್ನಿಗೆ ದೊಡ್ಡದಾದ ಬೆನ್ ನೆವಿಸ್ 1,345 ಮೀಟರ್, ಮುಳ್ಳಯ್ಯನಗಿರಿ ಅದಕ್ಕಿಂತ ಎಷ್ಟೋ ಎತ್ತರ. ಆದರೆ ಅಲ್ಲಿ ಬೆಟ್ಟ ಸಮುದ್ರದಿಂದಲೇ ಎದ್ದು ನಿಲ್ಲುತ್ತದೆ, ಮೈಮೇಲೆ ಮರ ಇಲ್ಲ, ಮಂಜು ಬಂದು ಹೋಗಿ ಮಾಡುತ್ತದೆ. ಬುಡದಿಂದ ತುದಿಯವರೆಗೆ ಪೂರ್ತಿ ಬೆಟ್ಟ ಒಂದೇ ಸಲ ಕಣ್ಣಿಗೆ ಬೀಳುತ್ತದೆ. ಸ್ಕೈಗೆ ಅಲ್ಲಿನ ಹಳೇ ಭಾಷೆ ಗೇಲಿಕ್‌ನಲ್ಲಿ 'ಮಂಜಿನ ದ್ವೀಪ' ಅಂತಲೂ ಹೆಸರಿದೆಯಂತೆ. ನಾಲ್ಕು ದಿನದಲ್ಲಿ ಎರಡು ದಿನ ನನಗೆ ಮಂಜು ಮಾತ್ರ ಕಂಡಿತು.

ಸಾಗರದ ಸೊಸೆ
ಸ್ಕೈಗೆ ಸೇತುವೆ ಇದೆ ಅಲ್ವಾ? ಹಾಗಿದ್ದೂ ಫೆರಿಯಲ್ಲಿ ಯಾಕೆ ಹೋದಿರಿ?

ಕುಕ್ಕರಹಳ್ಳಿ ದಂಡೆ
ಇದೆ. 1995ರಲ್ಲಿ ಆಗಿದ್ದು. ಮೊದಲು ದಾಟುವುದಕ್ಕೆ ಜಾಸ್ತಿ ಸುಂಕ ಇತ್ತಂತೆ, ದ್ವೀಪದ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ 2004ರ ಕೊನೆಗೆ ತೆಗೆದರು. ಗ್ಲಾಸ್ಗೋದಿಂದ ನೇರ ಬಸ್ಸು ಹಿಡಿದರೆ ಸೇತುವೆ ಮೇಲೆ ಬರುತ್ತದೆ. ನನಗೆ ರೈಲಿನಿಂದ ಇಳಿದು ನೀರಿನ ಮೇಲೆ ಹೋಗಬೇಕು ಅನ್ನುವ ಆಸೆ.

ಸಾಗರದ ಸೊಸೆ
ಕೇಳಿದ್ದು ಸುಮ್ನೆ ಅಲ್ಲ. ನನ್ನ ಗಂಡನ ಊರು ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ. ಮದುವೆಯಾಗಿ ಹೋದಾಗ ಸಾಮಾನೆಲ್ಲ ಲಾಂಚಿನಲ್ಲೇ ದಾಟಿತ್ತು. ಲಿಂಗನಮಕ್ಕಿ ಆಣೆಕಟ್ಟಿನ ನೀರು ನಿಂತ ಮೇಲೆ ಆ ಕಡೆಯ ಊರುಗಳು ದ್ವೀಪದ ಹಾಗೆ ಉಳಿದವು. ಸಂಜೆ ಲಾಂಚು ನಿಂತ ಮೇಲೆ ಬಸುರಿಗೆ ನೋವು ಬಂದರೂ ಸುತ್ತು ಹಾಕಿಕೊಂಡೇ ಹೋಗಬೇಕಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತಲ್ಲ, ನಮ್ಮ ಅತ್ತೆ ಅತ್ತೇಬಿಟ್ಟರು. ಪ್ರವಾಸಕ್ಕೆ ಬಂದವರು 'ಅಯ್ಯೋ ಲಾಂಚಿನ ಮಜಾ ಹೋಯಿತು' ಅಂದಾಗ ನನಗೆ ಕೋಪ ಬರುತ್ತದೆ. ನಿಮ್ಮ ಮೇಲೆ ಅಲ್ಲ ಅಕ್ಕ. ಸುಂಕಕ್ಕೆ ಹೋರಾಡಿದರು ಅಂದಿರಲ್ಲ, ಆ ಜನ ನನಗೆ ಅರ್ಥವಾಗುತ್ತಾರೆ.

ಕುಕ್ಕರಹಳ್ಳಿ ದಂಡೆ
ನೀವು ಹೇಳಿದ್ದು ಸರಿ. ಊಯಿಗ್ ಕಟ್ಟೆಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಗಾಳಿ ಜೋರಾಗಿ ಬೆಳಗಿನ ಫೆರಿ ನಿಂತುಹೋಯಿತು. ನನಗೆ ಅರ್ಧ ದಿನ ಹೋಯಿತು ಅಷ್ಟೇ. ಪಕ್ಕದಲ್ಲಿ ಕೂತ ವಯಸ್ಸಾದ ಗಂಡ ಹೆಂಡತಿ ಆಸ್ಪತ್ರೆಗೆ ತೋರಿಸಿಕೊಂಡು ಮನೆಗೆ ಹೊರಟವರು, ಔಷಧದ ಚೀಲ ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೂ ಕೂತಿದ್ದರು. ಅವರಿಗೆ ಅದು ರೂಢಿ. ರೂಢಿ ಆದ ಮಾತ್ರಕ್ಕೆ ಕಷ್ಟ ಕಡಿಮೆಯಾಗುವುದಿಲ್ಲ ಅಲ್ವಾ.

ಗೋಕುಲಂ ಅಮ್ಮ
ನನ್ನ ಮಗಳಿಗೆ 24. ಅವಳೂ ಒಬ್ಬಳೇ ಹೋಗುತ್ತೇನೆ ಅನ್ನುತ್ತಿದ್ದಾಳೆ. ತಾಯಿಯಾಗಿ ಕೇಳುತ್ತೇನೆ, ಎಲ್ಲಾದರೂ ಭಯ ಆಯಿತಾ? ನಾವು ಸಸ್ಯಾಹಾರಿಗಳು, ಊಟಕ್ಕೆ ಏನು ಮಾಡಿದಿರಿ?

ಕುಕ್ಕರಹಳ್ಳಿ ದಂಡೆ
ಮೊದಲು ಊಟ. ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು, ರವೆ ಉಪ್ಪಿಟ್ಟಿನ ಮಿಕ್ಸ್ ಒಯ್ದಿದ್ದೆ. ಹಾಲು, ತುಪ್ಪ, ಮಾಂಸದ ಪದಾರ್ಥ ಇಲ್ಲಿಂದ ಒಯ್ಯುವ ಹಾಗಿಲ್ಲ, ಹಾಗಾಗಿ ಮೈಸೂರ್‌ಪಾಕ್ ಬೇಡ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಬೇಯಿಸಿಕೊಳ್ಳಬಹುದು. ಹೊರಗೆ ಬೇಳೆ ಸೂಪು ಬಹಳ ಕಡೆ ಸಿಗುತ್ತದೆ, ನಮ್ಮ ತೊವ್ವೆಗೆ ದೂರದ ನೆಂಟ. ಆದರೆ ಮಾಂಸದ ಸಾರಿನಲ್ಲಿ ಮಾಡಿದ್ದಾ ಅಂತ ಕೇಳಿಯೇ ತೆಗೆದುಕೊಳ್ಳಬೇಕು. ಬೆಳಗ್ಗೆ ಓಟ್ಸ್ ಗಂಜಿ. ಹದಿನಾರು ದಿನದಲ್ಲಿ ಅನ್ನ ತಿಂದಿದ್ದು ಐದು ಸಲ. ಮನೆಗೆ ಬಂದ ದಿನ ಎರಡು ತಟ್ಟೆ ಅನ್ನ ಸಾರು ತಿಂದೆ.

ಇನ್ನು ಭಯ. ಜನರಿಂದ ಆಗಲಿಲ್ಲ. ಒಂದೇ ಒಂದು ದಿನ ಎದೆ ಝಲ್ಲೆಂದಿದ್ದು ನಿಜ, ಅದನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ಮಗಳಿಗೆ ಉಪಯೋಗಕ್ಕೆ ಬರುತ್ತದೆ.

ಲೂಯಿಸ್‌ನಲ್ಲಿ ಕ್ಯಾಲನಿಶ್ ಅಂತ ಒಂದು ಜಾಗ. ಸುಮಾರು 5,000 ವರ್ಷದ ಹಿಂದೆ ನಿಲ್ಲಿಸಿದ ಕಲ್ಲುಗಳು. ನಡುವೆ ಸುಮಾರು ಐದು ಮೀಟರಿನ ಒಂದು ಕಲ್ಲು, ಸುತ್ತ 13 ಕಲ್ಲಿನ ವೃತ್ತ, ಅದರಿಂದ ನಾಲ್ಕು ಕಡೆಗೆ ಕಲ್ಲಿನ ಸಾಲು. ಬೇಲಿ ಇಲ್ಲ, ಮುಟ್ಟಿ ನೋಡಬಹುದು. ನಾನು ಮೈಮರೆತು ಅಲ್ಲೇ ಇದ್ದೆ. ವಾಪಸ್ ಬಸ್ಸು ಐದು ಗಂಟೆಗೆ ಅಂತ ಬರೆದುಕೊಂಡಿದ್ದೆ. ವೇಳಾಪಟ್ಟಿಯಲ್ಲಿ ಆ ಬಸ್ಸಿನ ಮೇಲೆ ಸಣ್ಣ ಅಕ್ಷರದಲ್ಲಿ 'ಶಾಲೆ ಇರುವ ದಿನ ಮಾತ್ರ' ಅಂತ ಇತ್ತು. ಜುಲೈನಲ್ಲಿ ಅಲ್ಲಿ ಶಾಲೆಗೆ ರಜೆ. ಬಸ್ಸು ಬರಲಿಲ್ಲ. ಮಳೆ ಶುರುವಾಯಿತು. ಫೋನಿಗೆ ಸಿಗ್ನಲ್ ಇಲ್ಲ.

ಹತ್ತಿರದ ಮನೆಯಿಂದ ಒಬ್ಬ ಅಜ್ಜಿ ಕಿಟಕಿಯಿಂದ ನೋಡಿ ಹೊರಗೆ ಬಂದರು. ಇನ್ನೊಂದು ಬಸ್ಸಿದೆ, ಅಲ್ಲಿಯವರೆಗೆ ಒಳಗೆ ಬಾ ಅಂದರು. ಒಲೆಯಲ್ಲಿ ಪೀಟ್ ಉರಿಯುತ್ತಿತ್ತು. ಜೌಗು ನೆಲದಿಂದ ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ, ಒಟ್ಟಿ ಇಡುವ ಕಪ್ಪು ಮಣ್ಣು ಅದು. ನಮ್ಮ ಬೆರಣಿ ಒಟ್ಟಿದ ಹಾಗೆಯೇ ಪ್ರತಿ ಮನೆಯ ಪಕ್ಕದಲ್ಲೂ ಇರುತ್ತದೆ. ಅದರ ಹೊಗೆಯ ವಾಸನೆ ನನ್ನ ಸ್ವೆಟರಿನಲ್ಲಿ ಇನ್ನೂ ಇದೆ, ಒಗೆಯಲು ಮನಸ್ಸು ಬಂದಿಲ್ಲ. ಅಜ್ಜಿ ಮೊಮ್ಮಗನ ಜೊತೆ ಗೇಲಿಕ್‌ನಲ್ಲಿ ಮಾತಾಡಿದರು, ಅವನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಅದನ್ನು ಕೇಳಿ ನನಗೆ ಗಂಟಲು ಕಟ್ಟಿದ ಹಾಗಾಯಿತು. ನಮ್ಮ ಮನೆಯಲ್ಲೂ ನಡೆಯುವುದು ಅದೇ. 2011ರ ಜನಗಣತಿಯಲ್ಲಿ ಇಡೀ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಮಾತಾಡುವವರು ಸುಮಾರು 57,000. ಅಷ್ಟು ಜನ ನಮ್ಮ ಮೈಸೂರಿನ ಕೆಲವು ಬಡಾವಣೆಗಳಲ್ಲೇ ಇದ್ದಾರೆ.

ಹಾಗಾಗಿ ಮಗಳಿಗೆ ಹೇಳಿ: ಪಟ್ಟಿಯ ಸಣ್ಣ ಅಕ್ಷರ ಓದಬೇಕು, ಕೊನೇ ಬಸ್ಸನ್ನು ನಂಬದೆ ಅದರ ಹಿಂದಿನದಕ್ಕೆ ಹೊರಡಬೇಕು. ಉಳಿದಂತೆ ಕಳುಹಿಸಿ. ದಿನಾ ರಾತ್ರಿ ಫೋನ್ ಮಾಡಲಿ. ಅಂದಹಾಗೆ ಆ ಸಮಯದಲ್ಲಿ ರಾತ್ರಿ ಹತ್ತೂವರೆಯವರೆಗೂ ಬೆಳಕಿರುತ್ತದೆ.

ಗೋಕುಲಂ ಅಮ್ಮ
ಇದನ್ನು ಅವಳಿಗೆ ಓದಿ ಹೇಳಿದೆ. 'ನೋಡಿದ್ಯಾ' ಅಂದಳು. ನೋಡೋಣ ಅಂದಿದ್ದೇನೆ.

ಶಾಸನ ಓದುಗ, ಶ್ರೀರಂಗಪಟ್ಟಣ
ತಡವಾಗಿ ಬರೆಯುತ್ತಿದ್ದೇನೆ. ಸ್ಟಾರ್ನೋವೇ ಅಂದ ಕೂಡಲೇ ಕುರ್ಚಿಯಿಂದ ಎದ್ದೆ. ಮೇಡಂ, ಅದು ಕಾಲಿನ್ ಮೆಕೆಂಜಿ ಹುಟ್ಟಿದ ಊರು! 1754ರಲ್ಲಿ. ಮೊದಲು ಅಲ್ಲೇ ಸುಂಕದ ಕಚೇರಿಯಲ್ಲಿ ಕೆಲಸ ಮಾಡಿ, 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಸೇರಿ ಇಲ್ಲಿಗೆ ಬಂದವರು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎಂಜಿನಿಯರ್ ಆಗಿದ್ದರು. ಅಂದರೆ ನಮ್ಮೂರಿನ ಮೇಲೆ ಬಿದ್ದವರ ಸಾಲಿನಲ್ಲಿದ್ದವರು, ಅದನ್ನು ಮರೆಯಲಾಗುವುದಿಲ್ಲ. ಟಿಪ್ಪು ಸತ್ತ ಮೇಲೆ ಸುಮಾರು ಹತ್ತು ವರ್ಷ ಮೈಸೂರು ಸೀಮೆಯನ್ನು ಅಳೆದರು. ಆದರೆ ಬರೀ ನೆಲ ಅಳೆದು ಬಿಡಲಿಲ್ಲ. ಊರೂರಿಗೆ ಜನ ಕಳಿಸಿ ಶಾಸನದ ಪ್ರತಿ, ಓಲೆಗರಿ, ಊರಿನ ಹಿರಿಯರು ಹೇಳಿದ ಕತೆ, ಎಲ್ಲಾ ಬರೆಸಿಕೊಂಡರು. ಕೈಫಿಯತ್ತು ಅಂತೀವಲ್ಲ, ಅದು. ಕನಕಗಿರಿಯ ಜೈನ ಕವಿ ದೇವಚಂದ್ರ ಇವರನ್ನು ಭೇಟಿಯಾಗಿದ್ದರು. ಈ ಕೆಲಸ ಮಾಡಿದ್ದು ಮೆಕೆಂಜಿ ಒಬ್ಬರೇ ಅಲ್ಲ. ಕಾವಲಿ ಬೊರ್ರಯ್ಯ, ಲಕ್ಷ್ಮಯ್ಯ ಸೋದರರಂಥ ನಮ್ಮವರು ಊರೂರು ಅಲೆದಿದ್ದರಿಂದ ಅದು ಆಯಿತು. 1815ರಲ್ಲಿ ಮೆಕೆಂಜಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದರು. 1821ರಲ್ಲಿ ಭಾರತದಲ್ಲೇ ತೀರಿಕೊಂಡರು. ಹುಟ್ಟೂರಿಗೆ ಮರಳಲೇ ಇಲ್ಲ. ಥಾಮಸ್ ಹಿಕ್ಕಿ 1816ರಲ್ಲಿ ಬರೆದ ಅವರ ಚಿತ್ರದಲ್ಲಿ ಹಿಂದೆ ದೂರದಲ್ಲಿ ಗೊಮ್ಮಟ ನಿಂತಿದ್ದಾನೆ.

ಕುಕ್ಕರಹಳ್ಳಿ ದಂಡೆ
ಅಯ್ಯೋ ಸರ್! ನಾಲ್ಕು ರಾತ್ರಿ ಆ ಊರಿನಲ್ಲೇ ಇದ್ದೆ. ಲ್ಯೂಸ್ ಕೋಟೆಯ ಮ್ಯೂಸಿಯಮ್ಮಿಗೂ ಹೋಗಿ, 1831ರಲ್ಲಿ ದ್ವೀಪದ ಮರಳಿನಲ್ಲಿ ಸಿಕ್ಕ ದಂತದ ಚದುರಂಗದ ಕಾಯಿಗಳಲ್ಲಿ ಅಲ್ಲಿರುವ ಆರನ್ನು ನೋಡಿ ಬಂದೆ. ಮೆಕೆಂಜಿ ಬಗ್ಗೆ ಗೊತ್ತೇ ಇರಲಿಲ್ಲ. ಬಂದರಿನ ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿಂದೆನಲ್ಲ, ಅವರು ಹಡಗು ಹತ್ತಿದ್ದು ಅಲ್ಲೇ ಎಲ್ಲೋ ಇರಬೇಕು. ನೀವು ಹೇಳಿದ ಮೇಲೆ ಇವತ್ತು ಮತ್ತೆ ಆ ಫೋಟೋ ತೆಗೆದು ನೋಡಿದೆ.

ಮದ್ದೂರಿನವ
ಅಕ್ಕ, ಭಾನುವಾರ ಏನೂ ಇರುವುದಿಲ್ಲ ಅಂತ ಎಲ್ಲೋ ಓದಿದೆ. ನಿಜವಾ? ನಾನು ಮುಂದಿನ ಜೂನ್‌ಗೆ ಯೋಚನೆ ಮಾಡುತ್ತಿದ್ದೇನೆ.

ಕುಕ್ಕರಹಳ್ಳಿ ದಂಡೆ
ಲೂಯಿಸ್, ಹ್ಯಾರಿಸ್‌ನಲ್ಲಿ ನಿಜ. ಬಸ್ಸು ಓಡುವುದಿಲ್ಲ, ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಸ್ಟಾರ್ನೋವೇಯಿಂದ ಭಾನುವಾರದ ಫೆರಿ ಶುರುವಾಗಿದ್ದೇ 2009ರಲ್ಲಿ, ಅದಕ್ಕೂ ವಿರೋಧ ಇತ್ತಂತೆ. ಶನಿವಾರವೇ ಹಾಲು ಬ್ರೆಡ್ಡು ತಂದಿಟ್ಟುಕೊಳ್ಳಿ.

ಆದರೆ ಆ ಭಾನುವಾರವೇ ನನಗೆ ಎಲ್ಲಕ್ಕಿಂತ ಜಾಸ್ತಿ ನೆನಪಿನಲ್ಲಿದೆ. ಗೇಲಿಕ್ ಪ್ರಾರ್ಥನೆ ಇರುವ ಚರ್ಚಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ವಾದ್ಯ ಇಲ್ಲ. ಒಬ್ಬರು ಎದ್ದು ಒಂದು ಸಾಲು ಎಳೆದು ಹೇಳುತ್ತಾರೆ, ಅದು ಮುಗಿಯುವ ಮುಂಚೆಯೇ ಉಳಿದವರು ಎತ್ತಿಕೊಳ್ಳುತ್ತಾರೆ. ಎಲ್ಲರೂ ಒಂದೇ ಥರ ಅಲ್ಲ, ಒಬ್ಬೊಬ್ಬರು ತಮ್ಮ ತಮ್ಮ ಗತಿಯಲ್ಲಿ, ಒಂದು ಗಮಕ ಸೇರಿಸಿಕೊಂಡು. ಅಲೆ ಬಂದು ಮೈಮೇಲೆ ಹೋದ ಹಾಗೆ. ಮಾದಪ್ಪನ ಪದದಲ್ಲಿ ಒಬ್ಬರು ಹೇಳಿ ಉಳಿದವರು ಸೊಲ್ಲು ಎತ್ತುತ್ತಾರಲ್ಲ, ಚಿಕ್ಕವಳಿದ್ದಾಗ ಮಳವಳ್ಳಿಯ ಅಜ್ಜಿ ಮನೆ ಜಗುಲಿಯಲ್ಲಿ ಕೇಳಿದ್ದು, ಅದೇ ಕಿವಿಯಲ್ಲಿ ತುಂಬಿಕೊಂಡಿತು. ಒಂದು ಪದ ಅರ್ಥವಾಗಲಿಲ್ಲ, ಕಣ್ಣು ಒದ್ದೆಯಾಗಿತ್ತು.

ನಿಮ್ಮ ಪಟ್ಟಿಗೆ ಹೇಳುವುದಾದರೆ, ಮೊದಲು ಭಾನುವಾರ ಎಲ್ಲಿ ಬೀಳುತ್ತದೆ ನೋಡಿ. ಆಮೇಲೆ ಫೆರಿ ದಿನ ಗೊತ್ತು ಮಾಡಿ, ತಕ್ಷಣ ಹಾಸ್ಟೆಲ್ ಕಾದಿರಿಸಿ, ಪೋರ್ಟ್ರೀಯಲ್ಲಿ ಬೇಗ ತುಂಬಿಹೋಗುತ್ತದೆ. ಫೆರಿಯ ಮರುದಿನಕ್ಕೆ ವಿಮಾನ ಇಟ್ಟುಕೊಳ್ಳಬೇಡಿ, ಗಾಳಿಗೆ ನಿಂತರೆ ಕಷ್ಟ. ಜೂನ್ ಅಂದರೆ ಮಿಜ್ ಅನ್ನುವ ನುಸಿ ಇರುತ್ತದೆ. ನಮ್ಮ ಸೊಳ್ಳೆಗಿಂತ ಎಷ್ಟೋ ಸಣ್ಣದು, ಗಾಳಿ ನಿಂತ ಸಂಜೆ ಮೋಡದ ಹಾಗೆ ಬಂದು ಕಚ್ಚುತ್ತದೆ. ತಲೆಗೆ ಹಾಕುವ ಬಲೆ ಬೇಕೇ ಬೇಕು.

ಹಳೇ ಮೀಟರ್‌ಗೇಜ್
ಅಪ್ಪ ಏನಂದರು ಹೇಳಲೇ ಇಲ್ಲ ನೀವು.

ಕುಕ್ಕರಹಳ್ಳಿ ದಂಡೆ
ಸಿಕ್ಕ ಟಿಕೆಟ್ ಎಲ್ಲಾ ಅವರಿಗೇ ತಂದುಕೊಟ್ಟೆ ಸರ್. ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದರು. ಕಂಡಕ್ಟರ್ ಇಲ್ಲ, ಡ್ರೈವರೇ ಟಿಕೆಟ್ ಕೊಡುತ್ತಾರೆ ಅಂದಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ, ಶಾಲೆ ಮಕ್ಕಳೂ ಸಹ, ಅಂದಾಗ ಮಾತ್ರ 'ಹೌದಾ' ಅಂತ ಎರಡು ಸಲ ಕೇಳಿದರು. 'ನೀನೂ ಹೇಳಿದ್ಯಾ?' ಹೇಳಿದೆ ಅಪ್ಪ, ದಿನಾ ಹೇಳಿದೆ ಅಂದೆ.

ಮದ್ದೂರಿನವ, ಬಲೆಗೆ ದುಡ್ಡು ಕೊಡಬೇಡಿ. ನನ್ನದು ಹಾಗೇ ಇದೆ, ಮೂರು ಕಡ್ಡಿಯ ಪ್ಲಗ್ಗೂ ಇದೆ. ಭಾನುವಾರ ಬೆಳಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕ್ ಮಾಡುತ್ತಿರುತ್ತೇನೆ, ಮೊದಲ ಬಸ್ಸು ಹಿಡಿದು ಬಂದು ತೆಗೆದುಕೊಂಡು ಹೋಗಿ.